ಪೆಟಾಸ್ಕಿ ಕಲ್ಲಿನ ಪಾಲಿಶ್ ಕಿಟ್: ಪುಡಿ ಚೆನ್ನ, ಕಾಗದ ಸಾಲದು, ಗುರುತಿನ ಕಾರ್ಡ್ ನಂಬಬೇಡಿ

ಉತ್ತರ ಮಿಷಿಗನ್‌ನ ಪೆಟಾಸ್ಕಿ, ಶಾರ್ಲವಾಯ್, ಟ್ರಾವರ್ಸ್ ಸಿಟಿ ಕಡೆ ಯಾವ ಗಿಫ್ಟ್ ಅಂಗಡಿಗೆ ಹೋದರೂ ಈ ಕಿಟ್ ಕೌಂಟರಿನ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಒಳಗೆ ಒಂದೋ ಎರಡೋ ಒರಟು ಕಲ್ಲು, ಮೂರು ತುಂಡು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಅಂಗೈಯಗಲದ ವೆಲ್ವೆಟ್ ಬಟ್ಟೆ, ಪುಟ್ಟ ಪೊಟ್ಟಣದಲ್ಲಿ ಬಿಳಿ ಪಾಲಿಶ್ ಪುಡಿ, ಜೊತೆಗೆ ಕಲ್ಲು ಗುರುತಿಸಲು ಒಂದು ಬಣ್ಣದ ಕಾರ್ಡ್. ಹೆಸರು ಬೇರೆ ಬೇರೆ, ಸರಕು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತುತ್ತಿಲ್ಲ. ಡೆಟ್ರಾಯ್ಟ್ ಸುತ್ತಮುತ್ತ ಇರುವ ಕನ್ನಡದವರು ಬೇಸಿಗೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಮೇಲೆ ಹೋದಾಗ ಕೊಳ್ಳುವ ಮುಂಚೆ ಒಮ್ಮೆ ಓದಿದರೆ ಸಾಕು.

ಮೊದಲು ಕಲ್ಲಿನ ವಿಷಯ, ಯಾಕೆಂದರೆ ದುಡ್ಡು ಹೋಗುವುದೂ ಉಳಿಯುವುದೂ ಅಲ್ಲೇ.

ಪೆಟಾಸ್ಕಿ ಕಲ್ಲು ಅಂದರೆ ಸುಣ್ಣಕಲ್ಲಾಗಿರುವ ಹವಳದ ಗುಂಪು. ಹವಳದ ಹೆಸರು ಹೆಕ್ಸಾಗೊನೇರಿಯಾ ಪರ್ಕ್ಯಾರಿನೇಟಾ. ಡೆವೋನಿಯನ್ ಕಾಲದಲ್ಲಿ ಈಗಿನ ಮಿಷಿಗನ್ ಬೆಚ್ಚನೆಯ, ಆಳವಿಲ್ಲದ ಸಮುದ್ರದಡಿ ಇತ್ತು. ಅಲ್ಲಿ ಬೆಳೆದ ಹವಳ ಬಂಡೆಯಾಯಿತು. ಹಿಮಯುಗದ ಹಿಮನದಿಗಳು ಆ ಬಂಡೆಯನ್ನು ಕಿತ್ತು ಉಜ್ಜಿ ಹರಡಿದವು. ಆಮೇಲೆ ಮಿಷಿಗನ್ ಸರೋವರದ ಅಲೆ ಅದನ್ನು ಉರುಟಾಗಿ ತಿರುವಿತು. 1965ರಲ್ಲಿ ಮಿಷಿಗನ್ ಇದನ್ನು ತನ್ನ ರಾಜ್ಯಶಿಲೆ ಎಂದು ಘೋಷಿಸಿಕೊಂಡಿದೆ. ಕಿಟ್ ಕಾರ್ಡುಗಳಲ್ಲಿ ವಯಸ್ಸು 35 ಕೋಟಿ ವರ್ಷ ಎಂದು ಅಚ್ಚಾಗಿರುತ್ತದೆ. ಅದು ಹಳೆಯ ಲೆಕ್ಕ. ಈಗಿನ ಕಾಲಮಾನದಲ್ಲಿ ಡೆವೋನಿಯನ್ ಮುಗಿದದ್ದೇ ಸುಮಾರು 35.9 ಕೋಟಿ ವರ್ಷದ ಹಿಂದೆ. ಈ ಹವಳ ಆ ಕಾಲದ ನಡುಭಾಗದ್ದು, ಅಂದರೆ 38 ಕೋಟಿಗೂ ಮೀರಿದ್ದು. ಕಾರ್ಡಿನ ಮೊದಲ ತಪ್ಪು ಇದು. ದೊಡ್ಡ ತಪ್ಪು ಮುಂದಿದೆ.

ಒಣಗಿದ ಪೆಟಾಸ್ಕಿ ಕಲ್ಲು ನೋಡಲು ಮಂಕು ಬೂದು ಬಣ್ಣದ ಮಾಮೂಲಿ ಕಲ್ಲು. ನೀರು ಬಿದ್ದ ಕ್ಷಣ ಆರು ಮೂಲೆಯ ಮನೆಗಳು, ಅಂದರೆ ಒಂದೊಂದು ಹವಳಜೀವಿ ಇದ್ದ ಗೂಡುಗಳು, ಎದ್ದು ಬರುತ್ತವೆ. ಇದರಲ್ಲಿ ಮಾಯವೇನೂ ಇಲ್ಲ. ಮರಳು ಉಜ್ಜಿ ಮೇಲ್ಮೈ ತುಂಬ ಕಣ್ಣಿಗೆ ಕಾಣದ ಗೀರುಗಳಾಗಿರುತ್ತವೆ, ಬೆಳಕು ಅವಕ್ಕೆ ಬಡಿದು ಚದುರುತ್ತದೆ. ನೀರು ಆ ಗೀರುಗಳನ್ನು ತುಂಬುತ್ತದೆ, ಚದುರುವುದು ನಿಲ್ಲುತ್ತದೆ, ಒಳಗಿನ ಬಣ್ಣ ಕಾಣುತ್ತದೆ. ಪಾಲಿಶ್ ಮಾಡುವುದೆಂದರೆ ಇಷ್ಟೇ: ನೀರು ಐದು ನಿಮಿಷದ ಮಟ್ಟಿಗೆ ಮಾಡುವುದನ್ನು ಗೀರು ತೆಗೆದು ಶಾಶ್ವತವಾಗಿ ಮಾಡುವುದು. ಒದ್ದೆಯಾದಾಗ ಕಾಣದ ಚಿತ್ತಾರ ಎಷ್ಟು ಉಜ್ಜಿದರೂ ಬರುವುದಿಲ್ಲ.

ಅದಕ್ಕೇ ಕಿಟ್‌ನ ಮೇಲೆ ಮೊದಲ ದೂರು. ಕಲ್ಲನ್ನು ಒಣಗಿದ್ದಾಗಲೇ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿರುತ್ತಾರೆ. ಕೊಳ್ಳುವವರು ಕಣ್ಣುಮುಚ್ಚಿ ಕೊಳ್ಳಬೇಕು. ಬಿಚ್ಚಿ ಒದ್ದೆ ಮಾಡಿದರೆ ಒಂದು ಮೂಲೆಯಲ್ಲಿ ನಾಲ್ಕು ಮನೆ, ಉಳಿದದ್ದೆಲ್ಲ ಬರೀ ಕೆಸರುಗಲ್ಲು ಎಂಬಂಥವು ಬರುವುದುಂಟು. ಕೌಂಟರಿನ ಹತ್ತಿರ ಬುಟ್ಟಿಯಲ್ಲಿ ಬಿಡಿ ಕಲ್ಲುಗಳೂ, ಪಕ್ಕದಲ್ಲಿ ಸ್ಪ್ರೇ ಬಾಟಲಿಯೂ ಇಟ್ಟಿರುವ ಅಂಗಡಿಯಾದರೆ ಕಿಟ್ ಬಿಟ್ಟು ಬುಟ್ಟಿಗೆ ಕೈಹಾಕಿ. ಬಾಟಲಿ ಇಲ್ಲದಿದ್ದರೆ ಕೇಳಿ ಒದ್ದೆ ಮಾಡಿಸಿಕೊಳ್ಳಿ. ಸಂಕೋಚ ಬೇಡ, ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಬುಟ್ಟಿಯಿಂದ ಆರಿಸುವಾಗ ಮೂರು ವಿಷಯ ನೋಡಬೇಕು. ಕಲ್ಲನ್ನು ಒದ್ದೆ ಮಾಡಿ ಸುತ್ತಲೂ ತಿರುಗಿಸಿ. ಬಿರುಕಿನ ಗೆರೆ ಮನೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗಿದ್ದರೆ ಬೇಡ, ಉಜ್ಜುವಾಗ ಅಲ್ಲೇ ಚಕ್ಕೆ ಎದ್ದು ಬರುತ್ತದೆ. ಆಮೇಲೆ ಉಗುರಿನಿಂದ ಮನೆಗಳ ನಡುವನ್ನು ಕೆದಕಿ. ಪುಡಿ ಉದುರಿದರೆ ಆ ಕಲ್ಲು ಶಿಥಿಲವಾಗಿದೆ, ಹೊಳಪು ನಿಲ್ಲುವುದಿಲ್ಲ. ಕೊನೆಗೆ ಗಾತ್ರ. ಮೊದಲ ಸಲಕ್ಕೆ ಕೋಳಿಮೊಟ್ಟೆಗಿಂತ ಚಿಕ್ಕದು, ಒಂದು ಕಡೆ ಚಪ್ಪಟೆ ಇರುವುದು ಒಳ್ಳೆಯದು. ಮುಷ್ಟಿ ಗಾತ್ರದ್ದನ್ನು ಕೈಯಲ್ಲಿ ಉಜ್ಜಲು ಹೊರಟವರು 220 ನಂಬರಿನ ಒರಟು ಕಾಗದದ ಮೊದಲ ಹಂತದಲ್ಲೇ ಕಿಟಕಿಯ ಮೇಲಿಟ್ಟು ಮರೆಯುತ್ತಾರೆ.

ಇನ್ನು ಗುರುತಿನ ಕಾರ್ಡ್. ಅದರ ಪ್ರಕಾರ "ಆರು ಮೂಲೆಯ ಚಿತ್ತಾರ ಇದ್ದರೆ ಪೆಟಾಸ್ಕಿ." ಈ ಒಂದು ಸಾಲು ನಂಬಿ ದಡದಲ್ಲಿ ಆರಿಸಿದರೆ ಚೀಲದಲ್ಲಿ ಅರ್ಧ ಬೇರೆಯವೇ ತುಂಬುತ್ತವೆ. ಅದೇ ದಡದಲ್ಲಿ ಫೇವೊಸೈಟಿಸ್ ಎಂಬ ಇನ್ನೊಂದು ಹವಳವೂ ಧಾರಾಳ. ಅಲ್ಲಿಯವರು ಅದನ್ನು ಶಾರ್ಲವಾಯ್ ಕಲ್ಲು ಅನ್ನುತ್ತಾರೆ. ಅದರಲ್ಲೂ ಜೇನಿನ ಎರಿಯ ಹಾಗೆ ಮೂಲೆಮೂಲೆಯ ಮನೆಗಳಿರುತ್ತವೆ. ವ್ಯತ್ಯಾಸ ಮೂಲೆಗಳ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ, ಪೆಟಾಸ್ಕಿಯಲ್ಲೇ ಐದು ಮೂಲೆಯವೂ ಏಳು ಮೂಲೆಯವೂ ಸಿಗುತ್ತವೆ. ವ್ಯತ್ಯಾಸ ಇರುವುದು ಮನೆಯ ಒಳಗೆ.

ಒಳಗೆ ನೋಡಲು ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಚಿಕ್ಕ ಭೂತಗನ್ನಡಿ ಬೇಕು. ಕೆಲವು ಕಿಟ್‌ಗಳಲ್ಲಿ ಪ್ಲಾಸ್ಟಿಕ್ ಭೂತಗನ್ನಡಿ ಇಟ್ಟಿರುತ್ತಾರೆ, ಎರಡು ಮೂರು ಪಟ್ಟು ದೊಡ್ಡದು ಮಾಡಿ ಅಂಚೆಲ್ಲ ವಕ್ರವಾಗಿ ತೋರಿಸುವಂಥದ್ದು. ಆಟಿಕೆ ಎಂದುಕೊಳ್ಳಿ. ಬೇಕಿರುವುದು ಆಭರಣದಂಗಡಿಯವರು ಬಳಸುವ 10 ಪಟ್ಟಿನ ಟ್ರಿಪ್ಲೆಟ್ ಲೂಪ್, ಮೂರು ಗಾಜು ಅಂಟಿಸಿದ್ದು. ಆನ್‌ಲೈನ್‌ನಲ್ಲಿ 30 ಪಟ್ಟು, 40 ಪಟ್ಟು ಎಂದು ಬರೆದುಕೊಂಡು ಅದಕ್ಕಿಂತ ಅಗ್ಗಕ್ಕೆ ಬರುವವು ಬರಹಕ್ಕೆ ಮಾತ್ರ 30. ಹಿಡಿಯುವ ಕ್ರಮವೂ ಇದೆ: ಲೂಪ್ ಕಣ್ಣಿಗೆ ಅಂಟಿದ ಹಾಗೆ ಇರಬೇಕು, ಕಲ್ಲನ್ನು ಅದರ ಹತ್ತಿರ ತರಬೇಕು, ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ. ಲೂಪನ್ನು ಕಲ್ಲಿನ ಮೇಲಿಟ್ಟು ದೂರದಿಂದ ಬಗ್ಗಿ ನೋಡಿದರೆ ಕಾಣುವುದು ಕಾಳಿನಷ್ಟು ಜಾಗ.

ಒದ್ದೆ ಪೆಟಾಸ್ಕಿಯನ್ನು ಹೀಗೆ ಹಿಡಿದರೆ ಒಂದೊಂದು ಮನೆಯೂ ಒಂದು ಕಣ್ಣು. ನಡುವೆ ಕಪ್ಪು ಬೊಟ್ಟು, ಹವಳದ ಬಾಯಿಯಿದ್ದ ಜಾಗ, ಕೆಸರು ತುಂಬಿ ಗಟ್ಟಿಯಾದದ್ದು. ಅದರ ಸುತ್ತ ಗೋಡೆಯವರೆಗೂ ಕೂದಲೆಳೆಯಂಥ ಗೆರೆಗಳು, ಚಿಕ್ಕ ಮಕ್ಕಳು ಸೂರ್ಯನಿಗೆ ಬರೆಯುವ ಕಿರಣಗಳ ಹಾಗೆ. ಅವು ಹವಳದ ಒಳಗೋಡೆಗಳು. ಗೆರೆಗಳನ್ನು ಇನ್ನೂ ಗಮನವಿಟ್ಟು ನೋಡಿದರೆ ನುಣುಪಾಗಿಲ್ಲ, ಗರಗಸದ ಹಲ್ಲಿನಂತೆ ಸಣ್ಣ ಮುಳ್ಳುಗಳು ಅಡ್ಡ ಎದ್ದಿರುತ್ತವೆ. ಕೊನೆಗೆ ಎರಡು ಮನೆಗಳ ನಡುವೆ ತೆಳು ಗೋಡೆ. ಒಂದೊಂದು ಮನೆಯ ಅಗಲ ಸಾಮಾನ್ಯವಾಗಿ ಅರ್ಧದಿಂದ ಒಂದು ಸೆಂಟಿಮೀಟರ್.

ಶಾರ್ಲವಾಯ್ ಕಲ್ಲಿನಲ್ಲಿ ಮನೆಗಳು ಸಾಸಿವೆಯಿಂದ ಮೆಣಸಿನ ಕಾಳಿನಷ್ಟು. ಬೊಟ್ಟೂ ಇಲ್ಲ, ಕಿರಣವೂ ಇಲ್ಲ, ಬರೀ ಖಾಲಿ ಗೂಡುಗಳ ಬಲೆ. ಪಕ್ಕಕ್ಕೆ ತಿರುಗಿಸಿದರೆ ಕೊಳವೆಗಳೊಳಗೆ ಅಡ್ಡ ತಟ್ಟೆಗಳು ಏಣಿಯ ಮೆಟ್ಟಿಲಿನ ಹಾಗೆ ಸಾಲಾಗಿ ಕಾಣುತ್ತವೆ. ಅದೂ ಒಳ್ಳೆಯ ಪಳೆಯುಳಿಕೆಯೇ, ಚೆನ್ನಾಗಿ ಪಾಲಿಶೂ ಆಗುತ್ತದೆ. ಎರಡರ ನಡುವೆ ಕೇಳಿದರೆ ಫೇವೊಸೈಟಿಸ್‌ನ ಸಣ್ಣ ನೇಯ್ಗೆಯೇ ಹೆಚ್ಚು ಸೊಗಸು ಅನ್ನಬೇಕಾಗುತ್ತದೆ, ಆದರೆ ಅಂಗಡಿಯವರಿಗೆ ಹೆಸರಿನ ಮೇಲೆ ವ್ಯಾಪಾರ.

ಕಾರ್ಡ್ ಹೇಳದ ಇನ್ನೊಂದು ಗುಟ್ಟು: ಒಂದೇ ಕಲ್ಲಿನ ಎಲ್ಲ ಮುಖದಲ್ಲೂ ಕಣ್ಣುಗಳು ಇರುವುದಿಲ್ಲ. ಹವಳ ಬೆಳೆದದ್ದು ಕೊಳವೆ ಕೊಳವೆಯಾಗಿ. ಕಬ್ಬಿನ ಕಟ್ಟನ್ನು ಅಡ್ಡ ಕಡಿದರೆ ದುಂಡು ತಲೆಗಳು, ಉದ್ದ ಸೀಳಿದರೆ ಪಟ್ಟೆಗಳು. ಇದೂ ಹಾಗೆಯೇ. ಮೇಲಿನ ಮುಖದಲ್ಲಿ ಕಣ್ಣು, ಪಕ್ಕದ ಮುಖದಲ್ಲಿ ಉದ್ದ ಪಟ್ಟೆ ಇದ್ದರೆ ಅದು ಅಸಲಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಉಂಗುರ, ಕೀಚೈನ್ ಮಾರುವ ಕಡೆ ರಾಳದಲ್ಲಿ ಎರಕ ಹೊಯ್ದ ನಕಲಿ ಇದೆಯೇ ಎಂದು ಅನುಮಾನ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಉಂಡೆಯ ಆರೂ ದಿಕ್ಕಿನಲ್ಲಿ ಒಂದೇ ಸಮ ಕಣ್ಣುಗಳಿದ್ದರೆ ಕೆಳಗಿಡಿ.

ಇನ್ನೂ ಅನುಮಾನ ಇದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಕಲ್ಲನ್ನು ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಬಟ್ಟಲಿಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಮ್ ಕಲ್ಲಿನ ಗಾತ್ರ, ಮಿಲಿಲೀಟರ್‌ನಲ್ಲಿ. ತೂಕ 81, ನೀರಿನ ಲೆಕ್ಕ 30 ಬಂದರೆ ಭಾಗಿಸಿದಾಗ 2.7, ಅಂದರೆ ಸುಣ್ಣಕಲ್ಲು. 1.2ರ ಆಸುಪಾಸು ಬಂದರೆ ಅದು ಪ್ಲಾಸ್ಟಿಕ್ಕು. ಕಲ್ಲು ಬಟ್ಟಲಿನ ತಳಕ್ಕೆ ತಾಗಿದರೆ ಲೆಕ್ಕ ಪೂರ್ತಿ ಕೆಡುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ.

ದಡದಲ್ಲಿ ಆರಿಸುವಾಗ ಮೋಸಮಾಡುವವು ಬೇರೆಯವು. ಚುಕ್ಕೆ ಚುಕ್ಕೆಯ ಕಪ್ಪು ಅಗ್ನಿಶಿಲೆ, ಚರ್ಟ್ ಮೊದಲಾದ ಗಟ್ಟಿ ಕಲ್ಲುಗಳು ಚಾಕುವಿನ ಮೊನೆಗೆ ಗೀರು ಬೀಳುವುದಿಲ್ಲ. ಸುಣ್ಣಕಲ್ಲಿಗೆ ಸಲೀಸಾಗಿ ಬೀಳುತ್ತದೆ, ಬಿಳಿ ಪುಡಿ ಬರುತ್ತದೆ. ಗೀರುವುದು ಹಿಂಭಾಗದಲ್ಲಿ ಇರಲಿ. ಆ ಬಿಳಿ ಪುಡಿಯ ಮೇಲೆ ಒಂದು ಹನಿ ವಿನೆಗರ್ ಹಾಕಿ ಲೂಪ್‌ನಲ್ಲಿ ನೋಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಇಡೀ ಕಲ್ಲಿನ ಮೇಲೆ ವಿನೆಗರ್ ಸುರಿದು ಏನೂ ಆಗಲಿಲ್ಲ ಅನ್ನುವವರೇ ಹೆಚ್ಚು. ವಿನೆಗರ್‌ನಲ್ಲಿ ಆಮ್ಲ ನೂರಕ್ಕೆ ಐದರಷ್ಟು, ನುಣುಪು ಮೇಲ್ಮೈ ಮೇಲೆ ಅದರ ಕೆಲಸ ಕಣ್ಣಿಗೆ ಕಾಣುವಷ್ಟು ಜೋರಾಗಿರುವುದಿಲ್ಲ. ಪುಡಿಯ ಮೇಲಾದರೆ ಕಾಣುತ್ತದೆ. ಮೆಗ್ನೀಸಿಯಂ ಸೇರಿದ ಸುಣ್ಣಕಲ್ಲಾದ ಡಾಲೊಮೈಟ್ ಆದರೆ ಪುಡಿಯೂ ನಿಧಾನ.

ಈ ಎರಡೂ ಪರೀಕ್ಷೆಯಲ್ಲಿ ಪಾಸಾಗಿ ಕೊನೆಗೆ ಕೈಕೊಡುವುದು ಕಾಂಕ್ರೀಟ್. ಹಳೆಯ ಕಟ್ಟೆ, ಧಕ್ಕೆಗಳ ಚೂರು ಅಲೆಗೆ ಸಿಕ್ಕಿ ಉರುಟಾಗಿರುತ್ತದೆ, ಒಳಗಿನ ಜಲ್ಲಿ ಕಣ್ಣಿನ ಹಾಗೆ ಕಾಣುತ್ತದೆ, ಗೀರೂ ಬೀಳುತ್ತದೆ, ವಿನೆಗರ್‌ಗೆ ಗುಳ್ಳೆಯೂ ಏಳುತ್ತದೆ. ಲೂಪ್ ಹಿಡಿದರೆ ಮಾತ್ರ ಮುಗಿಯಿತು: ಜಲ್ಲಿಯೊಳಗೆ ಕಿರಣ ಇಲ್ಲ, ಎರಡು ಜಲ್ಲಿ ಒಂದೇ ಅಳತೆಯವಲ್ಲ.

ನಮ್ಮೂರಿನ ಶಹಾಬಾದ್ ಕಲ್ಲಿನಲ್ಲಿ ಇಂಥದ್ದು ಸಿಗಬಹುದೇ ಎಂದು ಕೇಳುವವರಿಗೆ: ಹವಳ ಸಿಗುವುದಿಲ್ಲ. ಭೀಮಾ ತೀರದ ಆ ಸುಣ್ಣಕಲ್ಲು ಹವಳಗಳು ಹುಟ್ಟುವುದಕ್ಕೂ ಹಿಂದಿನದು. ಸುಣ್ಣಕಲ್ಲಿನ ಹಾಸುಗಳ ಮೇಲೆ ಒಮ್ಮೊಮ್ಮೆ ಕಪ್ಪಗೆ ಜರಿಗಿಡದಂತೆ ಹರಡಿರುವುದು ಗಿಡವಲ್ಲ, ಸಂದಿನಲ್ಲಿ ನೀರು ಇಳಿದು ಬೆಳೆದ ಮ್ಯಾಂಗನೀಸ್ ಆಕ್ಸೈಡ್. ಗುರುತು ಸುಲಭ, ಅದರಲ್ಲಿ ಕಾಂಡಕ್ಕೂ ಎಲೆಗೂ ದಪ್ಪದ ಭೇದವೇ ಇರುವುದಿಲ್ಲ, ನರವೂ ಇಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರಪದರದ ರಚನೆ ಇದೆ, ಸೂಕ್ಷ್ಮಜೀವಿಗಳು ಕಟ್ಟಿದ್ದು. ಅದರ ಮಾತು ಬೇರೆ.

ಈಗ ಕಿಟ್‌ನ ಕೆಲಸದ ಭಾಗ. ಅದರಲ್ಲಿ ಬರುವ 220, 400, 600 ನಂಬರಿನ ಕಪ್ಪು ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಸರಿಯಾದ ಆಯ್ಕೆಯೇ. ಅಳತೆ ಮಾತ್ರ ಜಿಪುಣತನದ್ದು. ಎರಡು ಬೆಂಕಿಪೊಟ್ಟಣ ಸೇರಿಸಿದಷ್ಟು ತುಂಡು. ಮೊಟ್ಟೆ ಗಾತ್ರದ ಒಂದು ಕಲ್ಲಿಗೆ 220ರ ತುಂಡು ಅರ್ಧ ಕೆಲಸಕ್ಕೇ ಬೋಳಾಗುತ್ತದೆ. ಬೋಳು ಕಾಗದದಲ್ಲಿ ಉಜ್ಜುತ್ತ ಕೂತವರು ಗೀರು ಹೋಯಿತು ಎಂದುಕೊಂಡು 400ಕ್ಕೆ ಹೋಗುತ್ತಾರೆ, ಕೊನೆಗೆ ಹೊಳಪು ಬಂದಾಗ ಆ ಗೀರುಗಳೆಲ್ಲ ಬೆಳಕಿಗೆ ಮಿಂಚುತ್ತವೆ. ಹಾರ್ಡ್‌ವೇರ್ ಅಂಗಡಿಯಿಂದ ಪೂರ್ತಿ ಹಾಳೆ ತಂದು ನಾಲ್ಕು ಭಾಗ ಮಾಡಿಕೊಳ್ಳಿ: 220 ಎರಡು ಹಾಳೆ, 400 ಮತ್ತು 600 ಒಂದೊಂದು, ಜೊತೆಗೆ ಕಿಟ್ ಕೊಡದ 1000 ಒಂದು. 600ರಿಂದ ನೇರವಾಗಿ ಪುಡಿಗೆ ಹಾರಿದರೆ ಮಂಜು ಕವಿದ ಹಾಗೆ ಒಂದು ಬೂದು ಪೊರೆ ಉಳಿಯುತ್ತದೆ.

ಕಾಗದವನ್ನು ಐದು ನಿಮಿಷ ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಮಡಿಚಿದ ಕಡೆ ಸೀಳುತ್ತದೆ. ಚಪ್ಪಟೆ ಮುಖವಾದರೆ ಕಾಗದವನ್ನು ಗಾಜಿನ ಮೇಲೆ ಹಾಸಿ ಕಲ್ಲನ್ನು ಆಡಿಸಿ. ಉಬ್ಬು ಮುಖವಾದರೆ ಕಾಗದದ ಕೆಳಗೆ ಹಳೆಯ ಮೌಸ್‌ಪ್ಯಾಡ್ ಇಡಿ. ಸದಾ ಒದ್ದೆ ಇರಬೇಕು. ಒಣಗಿಸಿ ಉಜ್ಜಿದರೆ ಕಾಗದ ಪುಡಿ ತುಂಬಿ ಕಟ್ಟಿಕೊಳ್ಳುತ್ತದೆ, ಆ ಧೂಳು ಮೂಗಿಗೂ ಒಳ್ಳೆಯದಲ್ಲ. ಸ್ವಲ್ಪ ಹೊತ್ತಿಗೆ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಸಿಂಕ್‌ಗೆ ಬಿಡಬೇಡಿ, ಪೈಪಿನಲ್ಲಿ ಗಾರೆಯಂತೆ ಕೂರುತ್ತದೆ. ಬಕೆಟ್‌ನಲ್ಲಿ ತಿಳಿಯಾಗಲು ಬಿಟ್ಟು ಗಿಡದ ಬುಡಕ್ಕೆ ಚೆಲ್ಲಿ.

ಮೊಟ್ಟೆ ಗಾತ್ರದ ಕಲ್ಲಿನ ಒಂದು ಮುಖಕ್ಕೆ 220ರಲ್ಲಿ 15ರಿಂದ 20 ನಿಮಿಷ, ಮುಂದಿನ ಒಂದೊಂದಕ್ಕೂ ಹತ್ತು ನಿಮಿಷ ಹಿಡಿಯುತ್ತದೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹಿಂದಿನ ದಿಕ್ಕಿನ ಒಂದು ಗೀರೂ ಉಳಿಯದಾಗ ಮಾತ್ರ ಮುಂದಕ್ಕೆ. ಪರೀಕ್ಷಿಸುವಾಗ ಕಲ್ಲನ್ನು ಒರೆಸಿ ಪೂರ್ತಿ ಒಣಗಿಸಲೇಬೇಕು, ಒದ್ದೆ ಕಲ್ಲು ಎಲ್ಲ ಗೀರನ್ನೂ ಮುಚ್ಚಿ ಸುಳ್ಳು ಹೇಳುತ್ತದೆ. ನಂಬರ್ ಬದಲಿಸುವಾಗ ಕಲ್ಲು, ಕೈ, ಉಗುರಿನ ಸಂದಿ, ಗಾಜು ಎಲ್ಲ ತೊಳೆದು ನೀರೂ ಬದಲಿಸಿ. 600ರ ಹಂತದಲ್ಲಿ ಇದ್ದಕ್ಕಿದ್ದಂತೆ ಒಂದು ಉದ್ದ ಗೀರು ಬಿದ್ದರೆ ಅದು 220ರ ಒಂದು ಕಣದ ಕೆಲಸ. ಆಗ ಮತ್ತೆ 400ಕ್ಕೆ ಇಳಿಯದೆ ಗತಿ ಇಲ್ಲ.

ಪುಡಿ ಮತ್ತು ಬಟ್ಟೆ ಕಿಟ್‌ನ ಒಳ್ಳೆಯ ಭಾಗ. ಪುಡಿ ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡ್ ಇಲ್ಲವೇ ಟಿನ್ ಆಕ್ಸೈಡ್. ಎರಡೂ ಈ ಕಲ್ಲಿಗೆ ಒಗ್ಗುತ್ತವೆ, ಅರ್ಧ ಚಮಚದ ಪೊಟ್ಟಣ ನಾಲ್ಕಾರು ಕಲ್ಲಿಗೆ ಬರುತ್ತದೆ. ವೆಲ್ವೆಟ್ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಹಲಗೆಗೆ ಬಿಗಿದು, ಚಿಟಿಕೆ ಪುಡಿ ಉದುರಿಸಿ ಒತ್ತಿ ಉಜ್ಜಿ. ಐದು ನಿಮಿಷದಲ್ಲಿ ಬಟ್ಟೆ ಆರುತ್ತ ಬಂದು ಕಲ್ಲನ್ನು ಹಿಡಿದೆಳೆದ ಹಾಗಾಗುತ್ತದೆ. ಹೊಳಪು ಏಳುವುದು ಆ ಹೊತ್ತಿನಲ್ಲೇ. ಅಲ್ಲಿ ನೀರು ಚಿಮುಕಿಸಿ ಕೆಡಿಸಿಕೊಳ್ಳುವವರು ಬಹಳ. ಆದರೆ ಒಂದು ಎಚ್ಚರ: ಬಟ್ಟೆಯನ್ನು ಮೆತ್ತನೆಯ ಸ್ಪಂಜಿನ ಮೇಲೆ ಹಾಸಿ ಬಹಳ ಹೊತ್ತು ಉಜ್ಜಿದರೆ ಕಣ್ಣಿನ ಕಪ್ಪು ಬೊಟ್ಟುಗಳು ಕುಳಿ ಬೀಳುತ್ತವೆ. ಅಲ್ಲಿರುವ ಕೆಸರು ಸುತ್ತಲಿನ ಕ್ಯಾಲ್ಸೈಟ್‌ಗಿಂತ (ಸುಣ್ಣಕಲ್ಲಿನ ಮುಖ್ಯ ಖನಿಜ) ಮೆದು, ಬೇಗ ಸವೆಯುತ್ತದೆ. ಕೆಳಗೆ ಗಟ್ಟಿ ಹಲಗೆ ಇದ್ದರೆ ಈ ಕಾಟ ಕಡಿಮೆ.

ಕಿಟ್ ಜೊತೆಗೆ ಟಂಬ್ಲರ್ ಯಂತ್ರವನ್ನೂ ಕೊಳ್ಳಿ ಎಂದು ಅಂಗಡಿಯವರು ಹೇಳಿದರೆ ಬೇಡ ಅನ್ನಿ. ಉರುಳುವ ಪೀಪಾಯಿಯ ಆ ಯಂತ್ರ ಅಗೇಟ್‌ನಂಥ ಗಟ್ಟಿ ಕಲ್ಲಿಗೆ. ಕಲ್ಲಿನ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಅಗೇಟ್ 7ರ ಹತ್ತಿರ, ಪೆಟಾಸ್ಕಿ ಬರೀ 3. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ವಾರದ ಕೊನೆಗೆ ಅಗೇಟ್ ಇರುತ್ತದೆ, ಪೆಟಾಸ್ಕಿ ಕೆಸರಾಗಿರುತ್ತದೆ.

ಸಿದ್ಧ ಪಾಲಿಶ್ ಕಲ್ಲು ಕೊಳ್ಳುವವರು ಹೊಳಪು ಕಲ್ಲಿನದೋ ವಾರ್ನಿಶ್‌ದೋ ನೋಡಿಕೊಳ್ಳಬೇಕು. ಬೆಳಕಿಗೆ ಓರೆಯಾಗಿ ಹಿಡಿದಾಗ ಸಣ್ಣ ಕುಳಿಗಳ ಒಳಗೂ ಫಳಫಳ ಅಂದರೆ ಲ್ಯಾಕರ್ ಹೊಡೆದಿದ್ದಾರೆ; ಉಜ್ಜಿ ತಂದ ಹೊಳಪು ಕುಳಿಯೊಳಕ್ಕೆ ಇಳಿಯುವುದಿಲ್ಲ. ಮನೆಯಲ್ಲಾದರೆ ನೇಲ್‌ಪಾಲಿಶ್ ರಿಮೂವರ್ ಅದ್ದಿದ ಹತ್ತಿ ಸವರಿದರೆ ಅಂಟಂಟಾಗಿ ಎದ್ದು ಬರುತ್ತದೆ. ಎಣ್ಣೆ ಸವರಿದ್ದಾದರೆ ಟಿಶ್ಯೂ ಕಾಗದಕ್ಕೇ ಕಲೆ ಹತ್ತುತ್ತದೆ. ಹೆಕ್ಸಾಗೊನೇರಿಯಾ ಎಂಬ ಚೀಟಿ ನೋಡಿ ಪೆಟಾಸ್ಕಿ ಎಂದುಕೊಳ್ಳುವುದೂ ಬೇಡ. ಅದೇ ಕುಲದ ಹವಳ ಅಯೋವಾದ ಕೋರಲ್‌ವಿಲ್ ಕಡೆಯೂ ಸಿಗುತ್ತದೆ. ಪಳೆಯುಳಿಕೆ ಅಸಲಿಯೇ, ಊರು ಬೇರೆ.

ದಡಕ್ಕೇ ಹೋಗುವ ಅವಕಾಶ ಇರುವವರಿಗೆ ಕಿಟ್ ಬೇಕಿಲ್ಲ. ಪೆಟಾಸ್ಕಿ ಸ್ಟೇಟ್ ಪಾರ್ಕ್, ಊರೊಳಗಿನ ಮ್ಯಾಗ್ನಸ್ ಪಾರ್ಕ್, ಶಾರ್ಲವಾಯ್ ಹತ್ತಿರದ ಫಿಶರ್‌ಮನ್ಸ್ ಐಲ್ಯಾಂಡ್ ಸ್ಟೇಟ್ ಪಾರ್ಕ್ ಹೆಸರಾದ ಜಾಗಗಳು. ಚಳಿಗಾಲದ ಮಂಜುಗಡ್ಡೆ ಕರಗಿ ದಡಕ್ಕೆ ಹೊಸ ಕಲ್ಲು ತಳ್ಳಿದ ವಸಂತದ ಮೊದಲ ವಾರಗಳಲ್ಲಿ ಸಿಕ್ಕಷ್ಟು ಜುಲೈಯ ಜಾತ್ರೆಯಲ್ಲಿ ಸಿಗುವುದಿಲ್ಲ. ಮೊಣಕಾಲಿನ ಆಳದ ನೀರಲ್ಲಿ ನಡೆಯುತ್ತ ನೋಡುವುದು ಸುಲಭ, ಅಲ್ಲಿ ಕಲ್ಲು ಆಗಲೇ ಒದ್ದೆ. ರಾಜ್ಯದ ಜಾಗದಿಂದ ಒಬ್ಬರು ವರ್ಷಕ್ಕೆ 25 ಪೌಂಡ್, ಅಂದರೆ ಸುಮಾರು 11 ಕೆಜಿ ಮಾತ್ರ ಒಯ್ಯಬಹುದು. 2015ರಲ್ಲಿ ನಾರ್ತ್‌ಪೋರ್ಟ್ ಹತ್ತಿರ ಸರೋವರದಿಂದ ಎತ್ತಿದ 93 ಪೌಂಡಿನ ಪೆಟಾಸ್ಕಿಯನ್ನು ರಾಜ್ಯದ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಸ್ಲೀಪಿಂಗ್ ಬೇರ್ ಡ್ಯೂನ್ಸ್ ರಾಷ್ಟ್ರೀಯ ತೀರದಲ್ಲಂತೂ ಒಂದು ಕಲ್ಲನ್ನೂ ಮುಟ್ಟಿ ಜೇಬಿಗೆ ಹಾಕುವ ಹಾಗಿಲ್ಲ. ಕಿಟ್‌ನ ಕಾರ್ಡಿನಲ್ಲಿ ಈ ಒಂದು ಮಾತಾದರೂ ಇರಬೇಕಿತ್ತು.

ಅಂಕ ಹಾಕಲೇಬೇಕೆಂದರೆ ಐದಕ್ಕೆ ಪುಡಿ ಮತ್ತು ಬಟ್ಟೆಗೆ ನಾಲ್ಕು, ಕಾಗದಕ್ಕೆ ಎರಡು, ಕಾರ್ಡಿಗೆ ಒಂದು. ಕಲ್ಲಿಗೆ ಅಂಕವಿಲ್ಲ, ಅದು ಲಾಟರಿ.

ಪಾಲಿಶ್ ಮಾಡಿದ್ದನ್ನು ಊರಿಗೆ ಉಡುಗೊರೆಯಾಗಿ ಒಯ್ಯುವವರು ಪಡೆಯುವವರ ಕೈಗೆ ಒಂದು ಮಾತೂ ಸೇರಿಸಿ ಕೊಡಿ. ನಮ್ಮ ಮನೆಗಳಲ್ಲಿ ಚೆಂದದ ಕಲ್ಲು ಮೊದಲು ಹೋಗುವುದು ದೇವರ ಕೋಣೆಗೆ. ಹಬ್ಬದ ಹಿಂದಿನ ದಿನ ಹಿತ್ತಾಳೆ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದರೆ, ಒಂದೂವರೆ ಗಂಟೆ ಉಜ್ಜಿ ತಂದ ಹೊಳಪು ಎರಡು ನಿಮಿಷಕ್ಕೆ ಮಂಕಾಗಿ ಕೂರುತ್ತದೆ. ನಿಂಬೆಹಣ್ಣೂ ಅಷ್ಟೇ. ಬರೀ ನೀರು, ಮೆತ್ತನೆ ಬಟ್ಟೆ. ಆಗಲೇ ತಿಕ್ಕಿಬಿಟ್ಟಿದ್ದರೆ 600ರಿಂದ ಮತ್ತೆ ಶುರುಮಾಡಿ, 220ರವರೆಗೆ ಇಳಿಯಬೇಕಿಲ್ಲ.